ಆಚೆಮನೆ ಅಕ್ಕನ ಮೂರು ಬಿಳಿ ಹಲ್ಲು

ಮಕ್ಕಳೇ, ಚೌತಿ ಮುಗಿಸಿ ನೀವು ನನ್ನ ಮನೆಗೆ ಬಂದ ದಿನ ಕೇರಿಯ ಮಕ್ಕಳೆಲ್ಲ ನಿಮ್ಮನ್ನು ನೋಡಿ ನಕ್ಕರು. ನೀವು ಚಕ್ಲಿಯನ್ನು ಪಾಯಸದ ಬಟ್ಟಲಲ್ಲಿ ಅದ್ದಿ ತಿಂದಿರಿ ಎಂದು. ನೀವೂ ಬಿಡಲಿಲ್ಲ. "ಹಬ್ಬದ ದಿನ ಮೊದಲನೇ ಚಕ್ಲಿ ಹೀಗೇ ತಿನ್ನಬೇಕು, ಇದು ಅಂಕೋಲೆ ಕಡೆ ಪದ್ಧತಿ, ನಮ್ಮ ಕೋಡಿಬಾಗದ ಅಜ್ಜಿ ಹೇಳಿದ್ದಾರೆ" ಎಂದು ವಾದ ಮಾಡಿದಿರಿ. ಅಂಕೋಲೆಯಲ್ಲೇ ಹುಟ್ಟಿ ಬೆಳೆದ ಆ ಮಕ್ಕಳು "ಇಲ್ಲವೇ ಇಲ್ಲ" ಎಂದವು. ಕಡೆಗೆ ಎಲ್ಲರೂ ನನ್ನ ಕಡೆ ತಿರುಗಿ, "ಅಜ್ಜಿ, ನೀನೇ ಹೇಳು" ಎಂದಿರಿ. ನಾನು ಒಲೆಯ ಕಡೆ ಮುಖ ಮಾಡಿ "ಹಾಲು ಉಕ್ಕುತ್ತದೆ" ಎಂದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಎದುರಿಗೆ ನಿಂತು ಕೇಳಿದರೆ ನನಗೆ ಮಾತು ಬರುವುದಿಲ್ಲ. ಹುಟ್ಟಿದಾಗಿನಿಂದ ಹಾಗೆಯೇ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಮಾತ್ರ ನನ್ನ ಕೈ ಬಿಟ್ಟಿಲ್ಲ. ಅದಕ್ಕೆ ನಿಮ್ಮ ಹೋದ ವರ್ಷದ ಶಾಲೆಯ ಪಟ್ಟಿಯಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಆ ಪದ್ಧತಿ ಅಂಕೋಲೆಯದೂ ಅಲ್ಲ, ಕೋಡಿಬಾಗದ್ದೂ ಅಲ್ಲ. ಅದನ್ನು ಒಬ್ಬ ಹೆಂಗಸು, ಒಂದು ಸಂಜೆ, ಕಣ್ಣು ಮಿಟುಕಿಸುವುದರೊಳಗೆ ಹುಟ್ಟಿಸಿದಳು. ಈ ಆಷಾಢದಲ್ಲಿ ಅವಳು ತೀರಿಕೊಂಡಳು. ಇನ್ನು ಹೇಳಬಹುದು.

ಅವಳ ಹೆಸರು ಬರೆಯುವುದಿಲ್ಲ. ಅವಳ ಮನೆಯವರು ಓದಿದರೆ ನಗಲೂಬಹುದು, ಬೇಸರ ಮಾಡಿಕೊಳ್ಳಲೂಬಹುದು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಬೇಲಿ. ಬೇಲಿಯಲ್ಲಿ ಅವಳು ದಿನಾ ದಾಟಿ ದಾಟಿ ಆದ ಒಂದು ಕಂಡಿ. ನಾನು ಅವಳನ್ನು ಆಚೆಮನೆ ಅಕ್ಕ ಎಂದೇ ಕರೆದವಳು.

ಎತ್ತರದ ಹೆಂಗಸು. ಎಡಗೆನ್ನೆಯಲ್ಲಿ ಯಾವಾಗಲೂ ಕವಳ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ನಾಲ್ಕೂ ಸೇರಿ ಅವಳ ಹಲ್ಲುಗಳು ಹಳೆಯ ಹಂಚಿನ ಬಣ್ಣಕ್ಕೆ ತಿರುಗಿದ್ದವು. ಆದರೆ ಗಟ್ಟಿ ಎಂದರೆ ಗಟ್ಟಿ. ಅವಳಿಗೆ ಹಲ್ಲು ಎಂದರೆ ಕತ್ತಿ, ಇಕ್ಕಳಗಳ ಹಾಗೆ ಒಂದು ಹತ್ಯಾರು. ಬುಟ್ಟಿಯ ಹಸಿ ಹಗ್ಗದ ಗಂಟು ಬಿಚ್ಚುವುದು ಹಲ್ಲಿನಿಂದ, ಕಬ್ಬಿನ ಸಿಪ್ಪೆ ಎಳೆಯುವುದು ಹಲ್ಲಿನಿಂದ, ಎಣ್ಣೆ ಬಾಟಲಿಯ ಬಿರಡೆ ಕೀಳುವುದೂ ಹಲ್ಲಿನಿಂದ. ನಕ್ಕರೆ ಗದ್ದೆಯ ಆಚೆ ಕಡೆ ಕಳೆ ಕೀಳುವವರು ತಲೆ ಎತ್ತಿ, ಯಾಕೆಂದು ಗೊತ್ತಿಲ್ಲದೆ ತಾವೂ ನಗುತ್ತಿದ್ದರು.

ಹರಿವೆ, ಬದನೆ, ಮೊಗೆಕಾಯಿ ಬೆಳೆದು ಅಂಕೋಲೆ ಪೇಟೆಗೆ ಒಯ್ದು ಮಾರುತ್ತಿದ್ದಳು. ಒಂದು ದಿನ ಬಸ್ಸಿನಲ್ಲಿ ಹೊಸ ಕಂಡಕ್ಟರ್ ಅವಳ ಬುಟ್ಟಿಗೂ ಟಿಕೇಟು ತೆಗೆಯಬೇಕು ಎಂದ.

"ಹರ್ದು ಕೊಡು ತಮ್ಮಾ, ಬೇಡ ಅಂದವ್ರ್ಯಾರು?" ಎಂದಳು. ಆಮೇಲೆ ಮುಂದಿನ ಸೀಟಿನಲ್ಲಿ ಕೂತಿದ್ದ ಮಾಸ್ತರರ ಭುಜ ತಟ್ಟಿ, "ಮಾಸ್ತರೇ, ತುಸು ಏಳ್ತ್ರಾ? ನನ್ನ ಬದನೆಕಾಯಿಗೆ ಟಿಕೇಟು ಅದೆ. ಕೂತ್ಕಳ್ಲಿ."

ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ಮತ್ತೆಂದೂ ಬುಟ್ಟಿಯ ಮಾತೆತ್ತಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ, ನನಗೆ ಮಾತಾಡಲು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ನಾನು ಓದಿ ಹೇಳುವುದು, ಜಗಳ ಅವಳು ಆಡುವುದು. ಹಾಗೆ ಇಬ್ಬರೂ ಸೇರಿ ಒಬ್ಬ ಪೂರ್ತಿ ಮನುಷ್ಯಳಾಗಿದ್ದೆವು.

ನಿಮ್ಮ ಅಜ್ಜ ಹೋದಾಗ ನಿಮ್ಮ ಅಮ್ಮನಿಗೆ ಆರು ವರ್ಷ. ಹದಿಮೂರನೆಯ ದಿನ ಕಳೆದು ನೆಂಟರೆಲ್ಲ ಹೊರಟ ಮೇಲೆ ನಾನು ನಡುಮನೆಯ ಮೂಲೆಯಲ್ಲಿ ಕೂತವಳು ಏಳಲೇ ಇಲ್ಲ. ಅಕ್ಕ ಬೇಲಿ ದಾಟಿ ಬಂದು, "ಉಪ್ಪು ಅದ್ಯೇನೆ ತಂಗಿ?" ಎಂದಳು. ಎದ್ದು ಕೊಟ್ಟೆ. ಮಾರನೆಯ ದಿನ ಬೆಂಕಿಪೆಟ್ಟಿಗೆ. ಅದರ ಮಾರನೆಯ ದಿನ ಜೀರಿಗೆ. ತಿಂಗಳ ಮೇಲೆ ನಾನು ಅವಳ ಅಡುಗೆಮನೆಗೆ ಹೋದಾಗ ನೋಡುತ್ತೇನೆ, ನಾನು ಕೊಟ್ಟ ಉಪ್ಪು, ಬೆಂಕಿಪೆಟ್ಟಿಗೆ, ಜೀರಿಗೆ ಎಲ್ಲವೂ ಒಂದು ಹಲಗೆಯ ಮೇಲೆ ಮುಟ್ಟದೆ ಸಾಲಾಗಿ ಕೂತಿದ್ದವು. ಅವಳಿಗೆ ಬೇಕಾಗಿದ್ದದ್ದು ಜೀರಿಗೆಯಲ್ಲ, ನಾನು ಏಳುವುದು.

ನಿಮ್ಮ ಅಮ್ಮ ಮದುವೆಗೆ ಬಂದಾಗ ಕಾರವಾರದ ಕೋಡಿಬಾಗದ ಸಂಬಂಧ ಹುಡುಕಿದವಳೂ ಅವಳೇ. ಹುಡುಗನಿಗೆ ಬಂದರಿನಲ್ಲಿ ಕೆಲಸ, ಕುಡಿತವಿಲ್ಲ, ತಾಯಿ ಶಿಸ್ತಿನವಳು. ಅವರು ಮನೆಯಲ್ಲಿ ಕೊಂಕಣಿ ಆಡುವವರು, ನಾವು ಕನ್ನಡ. ಆದರೂ ಒಂದೇ ಜನ. "ಚೌತಿ ಚಕ್ಲಿ ಕೊಡುವ ನೆಪದಲ್ಲಿ ಒಂದ್ಸಲ ಹೋಗಿ ಬರ್ತೆ. ಹುಡ್ಗಿ ಕೈಯಾರೆ ಮಾಡ್ಲಿ, ನೀ ಮುಟ್ಬೇಡ" ಎಂದಳು. ನಿಮ್ಮ ಅಮ್ಮ ಮೊದಲ ಸಲ ಒಬ್ಬಳೇ ಹಿಟ್ಟು ಕಲಸಿ, ಒತ್ತಿ, ಕರಿದಳು. ಬಣ್ಣ ಚೆನ್ನಾಗಿತ್ತು. ನೈವೇದ್ಯಕ್ಕೆ ಹೇಗೂ ನಾನು ಬೇರೆ ಮಾಡಿದ್ದೆ, ಅವಳ ಚಕ್ಲಿ ಪೂರ್ತಿ ಡಬ್ಬಿಗೆ ತುಂಬಿ ಅಕ್ಕನಿಗೆ ಕೊಟ್ಟೆವು.

ಮಾರನೆಯ ದಿನ ಕಾರವಾರಕ್ಕೆ ಹೋಗಿ ಸಂಜೆ ವಾಪಸು ಬಂದ ಅಕ್ಕ ಬಾಯಿಗೆ ಸೆರಗು ಮುಚ್ಚಿಕೊಂಡಿದ್ದಳು. ತೆಗೆದಾಗ ನಾನು ಕಿರುಚಿದೆ. ಮೇಲಿನ ಸಾಲಿನ ನಟ್ಟನಡುವಿನ ಹಲ್ಲು ಅರ್ಧಕ್ಕಿಂತ ಹೆಚ್ಚು ಮುರಿದು ಹೋಗಿತ್ತು.

"ಎಂತಾಯ್ತು ಅಕ್ಕಾ?"

"ಗೋಟಡಿಕೆ ಮಾರಾಯ್ತಿ. ಕಲ್ಲು ಕಲ್ಲು. ಬಸ್ಸಲ್ಲಿ ಕವಳ ಹಾಕೂಕೆ ಹೋಗಿ ಕಚ್ದೆ, ಕಟ್ ಅಂತು." ಮುರಿದ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿ ತಂದಿದ್ದಳು. ಅಂಗಳದಲ್ಲಿ ನಿಂತು, ಹಾಲುಹಲ್ಲು ಬಿದ್ದ ಮಕ್ಕಳ ಹಾಗೆ ಅದನ್ನು ಸೆಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆದಳು. "ಇಲಿಯಣ್ಣಾ, ನನ್ ಹಲ್ಲು ತಕೋ, ನಿನ್ ಹಲ್ಲು ಕೊಡು" ಎಂದು ಕೂಗಿದಳು. ಆಗ ಅವಳಿಗೆ ನಲವತ್ತೈದು ದಾಟಿತ್ತು.

"ಅಲ್ಲಿ ಎಂತ ಹೇಳಿದ್ರು?" ಎಂದು ನಾನು ಹೆದರುತ್ತಲೇ ಕೇಳಿದೆ.

"ಚಕ್ಲಿ ಭಾರೀ ಪಸಂದಾಯ್ತು. ತುಳಸಿ ಲಗ್ನ ಕಳ್ದ ಮೇಲೆ ಕೂತು ಮಾತಾಡುವಾ ಅಂದ್ರು. ನಾನಂತೂ ಬಾಯೇ ಬಿಡ್ಲಿಲ್ಲ. ಎಲ್ಲದ್ಕೂ ಹೂಂ, ಊಂಹೂಂ ಅಷ್ಟೇ."

ಆಮೇಲೆ ಗೊತ್ತಾಯಿತು. ಅವಳು ಹೋದ ಮೇಲೆ ಹುಡುಗನ ತಾಯಿ, ಎಂದರೆ ನಿಮ್ಮ ಕೋಡಿಬಾಗದ ಅಜ್ಜಿ, ಮನೆಯವರಿಗೆ ಹೇಳಿದರಂತೆ, "ಎಷ್ಟು ಗಂಭೀರ ಹೆಂಗಸು! ಒಂದು ಮಾತು ಹೆಚ್ಚಿಲ್ಲ. ಇಂಥವರು ಮುಂದೆ ನಿಂತ ಸಂಬಂಧ ಒಳ್ಳೇದೇ ಇರ್ತದೆ." ಅಕ್ಕನನ್ನು ಗಂಭೀರ ಎಂದವರು ಈ ಜಗತ್ತಿನಲ್ಲಿ ಅವರೊಬ್ಬರೇ.

ತೊಡಕು ಶುರುವಾದದ್ದು ಊರ ಬಾವಿಕಟ್ಟೆಯಲ್ಲಿ. "ಮುಂದಿನ ಬಾಗ್ಲೇ ಮುರ್ದವ್ಳನ್ನ ಮುಂದೆ ಮಾಡ್ಕಂಡು ಮದುವೆ ಮಾತಿಗೆ ಹೋಗೂದಾ? ಮಾತೂ ಮುರೀತದೆ ಕಾಣು" ಎಂದು ಹೆಂಗಸರು ಕೊಡ ಇಳಿಸಿ ಹೇಳಿದರು. ಆ ಮಾತು ನನ್ನ ಭಾವನ ಕಿವಿಗೆ ಬಿತ್ತು. ಭಾವ ಎಂದರೆ ನಿಮ್ಮ ಅಜ್ಜನ ಅಣ್ಣ. ಕೆಟ್ಟವರಲ್ಲ, ಆದರೆ ಬಾಯಿ ತೆರೆದರೆ ಜಗಳ. ಹಿಂದಿನ ವರ್ಷ ಒಂದು ಒಳ್ಳೆಯ ಸಂಬಂಧವನ್ನು, ಅವರ ಮನೆಯ ಜಗಲಿಯಲ್ಲಿ ಇಟ್ಟ ತಮ್ಮ ಕೊಡೆ ಯಾರೋ ಸರಿಸಿದರು ಎಂದು ಬೈದು ಕಳಕೊಂಡು ಬಂದಿದ್ದರು. "ಅವ್ಳು ಬೇಡ. ಈ ಸಲ ಮಾತು ನಾನೇ ಆಡ್ತೆ" ಎಂದು ಕೊಡೆ ಒರೆಸಿ ಇಟ್ಟರು.

ನಾನು ಹೋಗಿ ಮಾತಾಡುವ ಹಾಗಿರಲಿಲ್ಲ. ಗಂಡ ಸತ್ತವಳು ಶುಭದ ಮಾತಿಗೆ ಹೋಗಬಾರದು ಎಂಬುದು ಒಂದು. ಹೋದರೂ ನನ್ನ ಬಾಯಿಂದ ಸ್ವರ ಹೊರಡುವುದಿಲ್ಲ ಎಂಬುದು ಇನ್ನೊಂದು. ಅಕ್ಕ ಹೋಗದಿದ್ದರೆ ಭಾವ, ಭಾವ ಹೋದರೆ ಸಂಬಂಧ ಇಲ್ಲ. ಬೇಲಿಯ ಹತ್ತಿರ ನಿಂತು ಅತ್ತೆ. ಅಕ್ಕ ಆಚೆಯಿಂದ ನೋಡಿ, "ಅಳ್ಬೇಡ. ಮುರ್ದದ್ದು ಹಲ್ಲು, ಮಾತಲ್ಲ. ಹಲ್ಲು ಕಟ್ಸ್ತೆ" ಎಂದಳು.

ಕಾರವಾರ ಪೇಟೆಯಲ್ಲಿ ಒಬ್ಬ ಹಲ್ಲಿನ ಡಾಕ್ಟರು ಇದ್ದರು. ಸಣಕಲು, ಮೆತ್ತನೆ ಮಾತು. ಬೋರ್ಡು ಓದಲು ನಾನು ಜೊತೆಗೆ ಹೋದೆ. ಅಕ್ಕ ಕುರ್ಚಿಯನ್ನು ಕಂಡು, "ಇದು ಕ್ಷೌರ ಮಾಡೂ ಕೆಳಸಿಯವ್ರ ಕುರ್ಚಿ ಹಾಂಗೇ ಅದೆ" ಎಂದು ನಗುತ್ತ ಕೂತಳು. ಡಾಕ್ಟರು ದೀಪ ಹಾಕಿ ಹತ್ತಿರ ಬಂದದ್ದೇ ತಡ, ತುಟಿ ಬಿಗಿದುಕೊಂಡಳು. ಒಮ್ಮೆ ಅಂಗಳಕ್ಕೆ ಬಂದ ಹಾವನ್ನು ಹಿಡಿದು ಎಸೆದವಳು, ಕಂಡಕ್ಟರನ್ನು ನಡುಗಿಸಿದವಳು, ಆ ಸಣ್ಣ ಕನ್ನಡಿಗೆ ಹೆದರಿದಳು.

"ಬಾಯಿ ತೆರೀರಿ" ಎಂದರು ಡಾಕ್ಟರು. ಅಕ್ಕನಿಗೆ ಬಾಯಿ ತೆರೆ ಎಂದು ಒಬ್ಬರು ಹೇಳಬೇಕಾಗಿ ಬಂದದ್ದು ಅದೇ ಮೊದಲು.

ಮುರಿದ ಚೂರು ಎಲ್ಲಿ ಎಂದು ಕೇಳಿದರು. "ಮಾಡಿನ ಮೇಲೆ" ಎಂದಳು. ಡಾಕ್ಟರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಉಳಿದ ಬುಡವೂ ಸೀಳಿದೆ, ಅದನ್ನು ತೆಗೆದು, ಒಸಡು ಮಾಗಿದ ಮೇಲೆ ಬ್ರಿಜ್ ಕೂರಿಸುತ್ತೇನೆ ಎಂದರು. ಅದು ಹೇಗೆ ಎಂದು ಅಕ್ಕ ಕೇಳಿದ್ದಕ್ಕೆ, ಕಿಟಕಿಯ ಆಚೆ ಕಾಳಿ ನದಿಯ ದಿಕ್ಕಿಗೆ ಕೈ ಮಾಡಿ, "ಅಲ್ಲಿ ಹೊಸ ಸಂಕ ಕಟ್ಟಿದಾರಲ್ಲ, ಹಾಗೆಯೇ. ಅಕ್ಕಪಕ್ಕದ ಎರಡು ಹಲ್ಲು ಕಂಬ. ಅವನ್ನು ಸ್ವಲ್ಪ ಅರೆದು, ಮೂರು ಹಲ್ಲು ಒಟ್ಟಿಗೇ ಮಾಡಿಸಿ ಮೇಲೆ ಕೂರಿಸೂದು" ಎಂದರು.

"ಸುಮ್ನಿದ್ದ ಹಲ್ಲು ಅರ್ಯೂದಾ!" ಅಕ್ಕ ಎದ್ದು ಕೂತಳು. "ಒಬ್ಬ ಓಡಿ ಹೋದ್ರೆ ಅಕ್ಕಪಕ್ಕದ ಮನ್ಯವ್ರಿಗೆ ಯಾಕೆ ಶಿಕ್ಷೆ ಡಾಕ್ಟ್ರೇ?"

"ನಡುವಿನವರು ಇಲ್ಲದಾಗ ಭಾರ ಹೊರೂದು ಅಕ್ಕಪಕ್ಕದವರೇ ಅಲ್ವಾ?" ಎಂದರು ಡಾಕ್ಟರು.

ಅಕ್ಕ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಒರಗಿ ಬಾಯಿ ತೆರೆದಳು. ಬುಡ ಕೀಳುವಾಗ ನನ್ನ ಕೈ ಹಿಡಿದಿದ್ದಳು. ಮೂರು ಬಳೆ ಒಡೆದವು, ಎಲ್ಲವೂ ಅವಳದೇ. ನನ್ನ ಕೈಯಲ್ಲಿ ಬಳೆ ಇರಲಿಲ್ಲ.

ಇಳಿದು ಬರುವಾಗ ಬಾಗಿಲಲ್ಲಿ ನಿಂತು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕೇಳಿದಳು, "ಆ ಹಲ್ಲು ಯಾರದ್ದು ಹಾಕ್ತ್ರಿ? ಸತ್ತವ್ರದ್ದಾ?"

"ಇಲ್ಲಮ್ಮಾ. ಪಿಂಗಾಣಿಯದು."

"ಹಂಗಾರೆ ಅಡ್ಡಿಲ್ಲ, ಚಾ ಕಪ್ಪಿನ ಜಾತಿ" ಎಂದು ನಿಟ್ಟುಸಿರು ಬಿಟ್ಟಳು.

ಒಸಡು ಮಾಗುವವರೆಗೆ ಪೇಟೆಯಲ್ಲಿ ಅವಳು "ಸೌತೆಕಾಯಿ" ಎಂದು ಕೂಗಿದರೆ ಹಲ್ಲಿನ ಸಂದಿಯಿಂದ ಸೀಟಿ ಹೊಡೆದ ಹಾಗೆ ಕೇಳುತ್ತಿತ್ತು. ಮೀನು ಪೇಟೆಯ ನಾಯಿಗಳು ತಮ್ಮನ್ನೇ ಕರೆದರೆಂದು ಬಂದು ನಿಲ್ಲುತ್ತಿದ್ದವು. "ಬಂದ್ರಾ ಗಿರಾಕಿಗ್ಳು" ಎನ್ನುತ್ತಿದ್ದಳು.

ದಸರೆ ಕಳೆದ ಮೇಲೆ ಅಳತೆಗೆ ಬನ್ನಿ ಎಂದಿದ್ದರು. ತಪ್ಪಾದದ್ದು ಇಲ್ಲಿ. ಮನೆಗೆ ನೆಂಟರು ಬರುತ್ತಾರೆಂದರೆ ನಾವು ಅಂಗಳ ಸಾರಿಸುತ್ತೇವೆ, ತಂಬಿಗೆ ಬೆಳಗುತ್ತೇವೆ. ಡಾಕ್ಟರು ಬಾಯಿಯ ಒಳಗೆಲ್ಲ ನೋಡುತ್ತಾರೆಂದರೆ ಬಾಯಿಯನ್ನು ಹಾಗೇ ಬಿಡುವುದೆಂತು? ಅಕ್ಕ ಹನ್ನೆರಡು ದಿನ ಕವಳ ಬಿಟ್ಟಳು. ಇದ್ದಿಲು, ಉಪ್ಪು, ಸಣ್ಣ ಮರಳು ಎಲ್ಲ ಹಾಕಿ ತಿಕ್ಕಿದಳು. ಕಡೆಗೆ ತಾಮ್ರದ ಹಂಡೆ ಬೆಳಗುವಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಹಲ್ಲು ಚಳಿ ಹಿಡಿದು, ನೀರು ಕುಡಿದರೆ ಕುಣಿಯುವಂತಾಯಿತು. ಆದರೆ ಫಳಫಳ ಹೊಳೆಯಿತು. ಅವಳ ಗಂಡ ಪಾಪದ ಮನುಷ್ಯ, ದಿನಕ್ಕೆ ಎರಡು ಮಾತಾಡಿದರೆ ಹೆಚ್ಚು. ಅವನೂ ಅವಳನ್ನು ನೋಡಿ, "ಯಾರ ಮನ್ಯವ್ಳೇ ನೀನು?" ಎಂದ.

ಡಾಕ್ಟರು ಅಕ್ಕಪಕ್ಕದ ಎರಡು ಹಲ್ಲು ಅರೆದರು. ಇಡ್ಲಿ ಹಿಟ್ಟಿನಂಥದ್ದನ್ನು ಬಾಯಿ ತುಂಬ ತುಂಬಿ, ಗಟ್ಟಿಯಾದ ಮೇಲೆ ಕಿತ್ತು ಅಚ್ಚು ತೆಗೆದರು. ಆಮೇಲೆ ಬಳೆಗಾರ ಬಳೆ ತೋರಿಸಿದಂತೆ ಬೇರೆ ಬೇರೆ ಬಣ್ಣದ ಹಲ್ಲುಗಳ ಒಂದು ಸಾಲನ್ನು ಅವಳ ತುಟಿಗೆ ಹಿಡಿದು, ಯಾವುದು ಹೊಂದುತ್ತದೆ ಎಂದು ನೋಡಿದರು. ಎಲ್ಲಕ್ಕಿಂತ ಬಿಳಿಯದು ಹೊಂದಿತು.

"ಕವಳ ಹಾಕ್ತೀರಾ?" ಎಂದು ಕೇಳಿದರು.

"ಛೇ ಛೇ. ಮುಟ್ಟೂದಿಲ್ಲ" ಎಂದಳು ಅಕ್ಕ. ನಾನು ಮತ್ತೆ ನೆಲ ನೋಡಿದೆ. ಆ ಡಾಕ್ಟರ ನೆಲದಲ್ಲಿ ಎಷ್ಟು ಕಲ್ಲುಗಳಿವೆ ಎಂದು ನನ್ನನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಅರೆದ ಹಲ್ಲಿಗೆ ತಾತ್ಕಾಲಿಕ ಟೊಪ್ಪಿಗೆ ಹಾಕಿ ಕಳಿಸಿದರು. ಬ್ರಿಜ್ ಹುಬ್ಬಳ್ಳಿಯಲ್ಲಿ ತಯಾರಾಗಿ ಬರಬೇಕು. ತುಳಸಿ ಲಗ್ನ ಕಳೆಯಿತು, ಕೋಡಿಬಾಗದವರು ದಿನ ಗೊತ್ತುಮಾಡಿದರು, ಹಲ್ಲು ಬರಲಿಲ್ಲ. ಘಟ್ಟದಲ್ಲಿ ಲಾರಿ ಮಗುಚಿ ದಾರಿ ಕಟ್ಟಿದೆ ಎಂದರು. ಕಡೆಗೆ ಬಂದದ್ದು ಮಾತುಕತೆಯ ದಿನವೇ. ಸಂಜೆ ಕೋಡಿಬಾಗದಲ್ಲಿ ಕೂರಬೇಕು, ಮಧ್ಯಾಹ್ನ ನಾವು ಡಾಕ್ಟರ ಬಾಗಿಲಲ್ಲಿ. ಭಾವ ಹೊಸ ಅಂಗಿ ಹಾಕಿ, ಕೊಡೆ ಹಿಡಿದು, ಹೊರಗಿನ ಬೆಂಚಿನ ಮೇಲೆ ಕೂತು, ಹಲ್ಲು ಕೂರದಿರಲಿ ಎಂದು ದೇವರನ್ನು ಬೇಡುತ್ತಿದ್ದರೇನೋ.

ಹಲ್ಲು ಕೂತಿತು. ಕನ್ನಡಿ ಹಿಡಿದಾಗ ಅಕ್ಕ ತುಟಿಯನ್ನು ಬೆರಳಿನಿಂದ ಎತ್ತಿ ಎತ್ತಿ ನೋಡಿಕೊಂಡಳು. ಮಾತು ಮಾತ್ರ ಸರಿಯಾಗಿ ಹೊರಡುತ್ತಿರಲಿಲ್ಲ. ನೋವಾಗದಿರಲೆಂದು ಕೊಟ್ಟ ಇಂಜೆಕ್ಷನ್ನಿನಿಂದ ಮೇಲ್ದುಟಿ ಜೋಮು ಹಿಡಿದಿತ್ತು. "ನಾಳೆಯವರೆಗೆ ಮುಂದಿನ ಹಲ್ಲಲ್ಲಿ ಗಟ್ಟಿ ಪದಾರ್ಥ ಕಚ್ಚಬೇಡಿ, ಕಳಚಿ ಬಂದೀತು" ಎಂದು ಡಾಕ್ಟರು ಎರಡೆರಡು ಸಲ ಹೇಳಿದರು.

ಕೋಡಿಬಾಗದ ರಸ್ತೆಯಲ್ಲಿ ನಾನು ಬಸ್‌ಸ್ಟ್ಯಾಂಡಿಗೆ ವಾಪಸು ಹೋಗುತ್ತೇನೆ ಎಂದೆ. ಅಕ್ಕ ನನ್ನ ರಟ್ಟೆ ಹಿಡಿದಳು. "ಬಾ. ಬಾಗ್ಲಲ್ಲಿ ಕೂತ್ಕ. ಬೋರ್ಡು ಓದೂಕೆ ಬೇಕು" ಎಂದಳು. ಜೋಮಿನ ಬಾಯಲ್ಲಿ ಅದು "ಬೋಬೋ" ಎಂದು ಕೇಳಿತು. ಮನೆಯೊಳಗೆ ಎಂಥ ಬೋರ್ಡು? ಮನೆಯ ಹತ್ತಿರ ಬಂದಾಗ ಅವಳು ಸಂಚಿ ಬಿಚ್ಚಿ, ನಾಲ್ಕು ಎಲೆಯ ಒಂದು ದೊಡ್ಡ ಕವಳ ಕಟ್ಟಿ ಭಾವನ ಬಾಯಿಗೆ ತುರುಕಿದಳು. ಎರಡೂ ಕೆನ್ನೆ ಉಬ್ಬಿದವು. ಉಗುಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಭಾವ ಆ ಸಂಜೆಯೆಲ್ಲ ತಲೆಯಾಡಿಸಿದ್ದು ಬಿಟ್ಟರೆ ಏನೂ ಮಾಡಲಿಲ್ಲ. ಅವರನ್ನೂ ಗಂಭೀರ ಎಂದೇ ಅವರ ಮನೆಯವರು ತಿಳಿದರು.

ನಾನು ಬಾಗಿಲ ಪಕ್ಕ ಗೋಡೆಗೆ ಅಂಟಿ ಕೂತೆ. ಅಕ್ಕ ಗಂಟಲು ಸರಿಮಾಡಿ ಮಾತು ಶುರುಮಾಡಿದಳು. ಪದಗಳು ತುಟಿಯಿಂದ ಜಾರಿ ಬಿದ್ದವು. ಇನ್ನೊಮ್ಮೆ ಯತ್ನ ಮಾಡಿದಳು. ಹುಡುಗನ ತಾಯಿ ಹುಬ್ಬು ಗಂಟಿಕ್ಕಿದರು. ಅಕ್ಕ ತಿರುಗಿ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಅಷ್ಟು ದಿಗಿಲನ್ನು ನಾನು ಡಾಕ್ಟರ ಕುರ್ಚಿಯಲ್ಲೂ ಕಂಡಿರಲಿಲ್ಲ.

ನನಗೆ ಈಗಲೂ ಗೊತ್ತಿಲ್ಲ, ನಾನು ಹೇಗೆ ಎದ್ದೆ ಎಂದು. "ಅಕ್ಕ ಈಗಷ್ಟೇ ಹಲ್ಲು ಕಟ್ಟಿಸಿಕೊಂಡು ಬಂದಿದ್ದಾಳೆ. ತುಟಿ ಜೋಮು ಹಿಡ್ದದೆ. ಅದ್ಕೆ ನಾನು... ನಾನು ಮಾತಾಡಬಾರ್ದು. ಆದ್ರೆ ನನ್ನ ಮಗಳನ್ನ ನಿಮ್ಮ ಮನೆಗೆ ಕೊಡುವ ಆಸೆ ಅದೆ" ಎಂದೆ.

"ಯಾಕೆ ಮಾತಾಡಬಾರ್ದು ಗೋ ಬಾಯೇ?" ಎಂದರು ನಿಮ್ಮ ಕೋಡಿಬಾಗದ ಅಜ್ಜಿ, ಕೊಂಕಣಿಯವರು ಹೆಂಗಸರನ್ನು ಕರೆಯುವ ಹಾಗೆ. "ಮಗಳ ಮದುವೆಗೆ ತಾಯಿ ಮಾತಾಡ್ದೆ ಮತ್ಯಾರು ಮಾತಾಡೂದು? ಮುಂದೆ ಬಂದು ಚಾಪೆ ಮೇಲೆ ಕೂತ್ಕ." ಕೂತೆ. "ಆ ಚೌತಿ ಚಕ್ಲಿ ಹುಡ್ಗಿಯೇ ಮಾಡಿದ್ದಾ, ನಿಜ ಹೇಳು."

"ಅವಳೇ ಮಾಡಿದ್ದು. ನಾನು ಮುಟ್ಟಿಯೂ ಇಲ್ಲ" ಎಂದೆ. ಅಕ್ಕನಿಗೆ ಆಗ ಯಾಕೋ ಜೋರಾಗಿ ಕೆಮ್ಮು ಬಂತು.

"ಬಾಯಲ್ಲಿಟ್ರೆ ಕರಗ್ತಿತ್ತು" ಎಂದು ಅವರು ಒಳಗೆ ಕೂಗಿದರು. ಎಲ್ಲರಿಗೂ ಹೆಸರುಬೇಳೆ ಪಾಯಸ ಬಂತು, ಅದರ ಜೊತೆ ತಟ್ಟೆಯಲ್ಲಿ ಅವರು ಮಾಡಿದ ಚಕ್ಲಿ. "ಈಗ ನಮ್ಮನೆಯದು ತಿಂದು ಹೇಳಿ, ನಿಮ್ಮ ಹುಡ್ಗಿಯದ್ರಷ್ಟು ಆಗ್ಯದ್ಯೋ ಇಲ್ವೋ" ಎಂದು ಅಕ್ಕನ ಎದುರೇ ಕೂತರು.

ಅಕ್ಕ ಚಕ್ಲಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಬೆರಳಿನಿಂದ ಮುರಿಯಲು ನೋಡಿದಳು, ಮುರಿಯಲಿಲ್ಲ. ಕಚ್ಚಿದರೆ ಹಲ್ಲು ಕಳಚಿ ತಟ್ಟೆಗೆ ಬೀಳಬಹುದು. ಶುಭದ ಮಾತಿನ ನಡುವೆ ಹಲ್ಲು ಬಿದ್ದರೆ ಅದಕ್ಕಿಂತ ಅಪಶಕುನ ಬೇಕೇ? ತಿನ್ನದೆ ಇಟ್ಟರೆ ಆ ತಾಯಿಗೆ ಅವಮಾನ. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಅಕ್ಕ ಚಕ್ಲಿಯನ್ನು ಪಾಯಸದಲ್ಲಿ ಮುಳುಗಿಸಿ, ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದಳು.

"ಇದೆಂತ ಬಾಯೇ?" ಎಂದರು ಅವರು.

"ನಮ್ಮ ಅಂಕೋಲೆ ಬದಿ ಪದ್ಧತಿ" ಎಂದಳು ಅಕ್ಕ, ಒಂದೊಂದೇ ಅಕ್ಷರ ಕಷ್ಟಪಟ್ಟು ಬಿಡಿಸಿ. "ಶುಭದ ದಿನ ಮೊದ್ಲ ಚಕ್ಲಿ ಪಾಯ್ಸದಲ್ಲಿ ಅದ್ದೇ ತಿಂಬೂದು. ಉಪ್ಪು, ಸಿಹಿ ಕೂಡ್ಬೇಕು. ಎರಡು ಮನೆ ಕೂಡ್ದಾಂಗೆ."

ನಿಮ್ಮ ಕೋಡಿಬಾಗದ ಅಜ್ಜಿ ಪದ್ಧತಿಯೆಂದರೆ ಪ್ರಾಣ ಬಿಡುವವರು. "ಹೌದಾ! ಹಾಂಗಾದ್ರೆ ಎಲ್ರೂ ಅದ್ದಿ" ಎಂದು ಅಪ್ಪಣೆ ಮಾಡಿದರು. ಹುಡುಗ ಅದ್ದಿದ, ಅವನ ತಂದೆ ಅದ್ದಿದರು, ನೆರೆಮನೆಯಿಂದ ನೋಡಲು ಬಂದವರೂ ಅದ್ದಿದರು. ಭಾವ ತುಂಬಿದ ಬಾಯಲ್ಲಿ ಕಣ್ಣು ಬಿಟ್ಟು ನನ್ನ ಕಡೆ ನೋಡಿದರು. ನಾನೂ ಅದ್ದಿದೆ. ಬೆಲ್ಲ, ಖಾರ, ಜೀರಿಗೆ ಮೂರೂ ಒಟ್ಟಿಗೆ ಗಂಟಲಲ್ಲಿ ಜಗಳವಾಡಿದವು. ಅಕ್ಕ ಮೆತ್ತಗಾದ ಚಕ್ಲಿಯನ್ನು ಹಿಂದಿನ ಹಲ್ಲಿನಿಂದ ನಿಧಾನಕ್ಕೆ ಅಗಿದು, ಜೋಮು ಹಿಡಿದ ತುಟಿಯಿಂದ ಪಾಯಸ ಇಳಿಯುತ್ತಿದ್ದರೂ ಗೊತ್ತಾಗದೆ, "ಪಸಂದ್" ಎಂದಳು. ಆ ಸಂಜೆಯೇ ಮದುವೆಯ ಮಾತು ಗಟ್ಟಿಯಾಯಿತು.

ಬಸ್‌ಸ್ಟ್ಯಾಂಡಿಗೆ ಬರುವಾಗ ಜೋಮು ಇಳಿಯಿತು. ಅಕ್ಕ ರಸ್ತೆಯ ನಡುವೆ ನಿಂತು ನಕ್ಕಳು. ಮೂರು ಹೊಸ ಹಲ್ಲು ಮಿಂಚಿದವು. ಊರಿಗೆ ಬಂದು ಬಸ್ಸಿನಿಂದ ಇಳಿದವಳು ಮೊದಲು ಮಾಡಿದ ಕೆಲಸ ಎಂದರೆ ಹಿಂದಿನ ಹಲ್ಲಿಗೆ ಕವಳ ಹಾಕಿದ್ದು.

ಮದುವೆ ಗೊತ್ತಾದ ಮೇಲೆ ಅವಳಿಗೆ ಕೈನೋವು ಶುರುವಾಯಿತು. ವಾರಕ್ಕೆ ಎರಡು ಸಲ ನಿಮ್ಮ ಅಮ್ಮನನ್ನು ಕರೆದು, "ಮಗಾ, ನಂಗೆ ಹಿಟ್ಟು ಕಲಸೂಕೆ ಆಗೂದಿಲ್ಲ, ಚಕ್ಲಿ ಮಾಡ್ಕೊಡು" ಎಂದು ಎದುರಿಗೆ ಕೂತು ಮಾಡಿಸುತ್ತಿದ್ದಳು. ಅದೇ ಕೈಯಲ್ಲಿ ಬಾವಿಯಿಂದ ಎರಡೆರಡು ಕೊಡ ಸೇದುವುದನ್ನು ನಾನು ಕಂಡಿದ್ದೆ. ಚಕ್ಲಿ ತಿನ್ನುವ ಆಸೆ ಇರಬೇಕು ಎಂದುಕೊಂಡು ಸುಮ್ಮನಾದೆ.

ಎರಡು ತಿಂಗಳಲ್ಲಿ ಅವಳ ಉಳಿದ ಹಲ್ಲುಗಳೆಲ್ಲ ಮತ್ತೆ ಹಳೆಯ ಹಂಚಿನ ಬಣ್ಣಕ್ಕೆ ಬಂದವು. ಪಿಂಗಾಣಿಗೆ ಕವಳದ ಬಣ್ಣ ಹತ್ತಲಿಲ್ಲ. ಕೆಂಪು ಗೋಡೆಗೆ ಸುಣ್ಣ ಬಳಿದ ಕಿಟಕಿಯಂತೆ ಮೂರು ಹಲ್ಲು ನಡುವೆ ಬೆಳ್ಳಗೆ ನಿಂತವು. ಪೇಟೆಯಲ್ಲಿ ಗಿರಾಕಿಗಳಿಗೆ ಅವಳ ಗುರುತೇ ಅದಾಯಿತು. ಒಂದು ದಿನ ಆ ಡಾಕ್ಟರೇ ಅಂಕೋಲೆ ಪೇಟೆಗೆ ಬಂದು ಅವಳ ಬುಟ್ಟಿಯ ಎದುರು ನಿಂತರು. ನಾನು ಪಕ್ಕದಲ್ಲಿದ್ದೆ.

"ಏನಮ್ಮಾ, ಕವಳ ಮುಟ್ಟೂದಿಲ್ಲ ಅಂದಿದ್ರಿ?"

ಅಕ್ಕ ಬಾಯಿ ಅಗಲಿಸಿ ತೋರಿಸಿದಳು. "ನಂದ್ ಹಲ್ಲು ಮುಟ್ತವೆ ಡಾಕ್ಟ್ರೇ. ನೀವು ಕೊಟ್ಟ ಮೂರು ಮುಟ್ಟೂದಿಲ್ಲ. ಕಾಣಿ, ಎಷ್ಟು ಸಂಭಾವಿತವಾಗಿವೆ."

ಡಾಕ್ಟರು ನಕ್ಕು ನಕ್ಕು ಎರಡು ಮೊಗೆಕಾಯಿ ಹೆಚ್ಚಿಗೆ ಕೊಂಡರು.

ವರ್ಷಗಳು ಕಳೆದವು. ನೀವೆಲ್ಲ ಹುಟ್ಟಿದಿರಿ. ಊರ ಹಿಂದೆ ರೈಲು ಹಳಿ ಬಂತು. ಅಕ್ಕನ ಹಲ್ಲುಗಳು ಒಂದೊಂದಾಗಿ ಬಿದ್ದವು. ಕಡೆಗೆ ಮೇಲಿನ ಸಾಲಿನಲ್ಲಿ ಉಳಿದದ್ದು ಆ ಮೂರೇ. "ಎಲ್ಲ ನನ್ ಸಂಗಡ ಮುದಿಯಾದ್ವು, ಇವು ಮಾತ್ರ ಇನ್ನೂ ಮದುಮಗನ ಮನೆಗೆ ಹೊರಟಾಂಗೇ ಅವೆ" ಎನ್ನುತ್ತಿದ್ದಳು.

ಈ ಮಳೆಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ದಿನಾ ಬೇಲಿಯ ಕಂಡಿ ದಾಟಿ ಹೋಗುವ ಸರದಿ ನನ್ನದಾಯಿತು. ಗಂಜಿ ಕುಡಿಸುವಾಗ ಒಂದು ಮಧ್ಯಾಹ್ನ, "ತಂಗಿ, ಒಂದು ಸುಳ್ಳು ಅದೆ. ಹೇಳೇ ಹೋಗ್ತೆ" ಎಂದಳು.

"ಎಂತದು ಅಕ್ಕಾ?"

"ಗೋಟಡಿಕೆ ಅಲ್ಲ ಅದು. ಚಕ್ಲಿ."

ನನಗೆ ಅರ್ಥವಾಗಲಿಲ್ಲ.

"ನಿನ್ ಮಗ್ಳ ಚಕ್ಲಿ. ಬೀಗ್ರ ಮನೆಗೆ ಒಯ್ಯೂ ಮೊದ್ಲು ಒಂದು ತಿಂದು ಕಾಂಬ ಅಂತ ಬೆಳಗಾ ಮುಂಚೆ ಕಚ್ದೆ. ಹಲ್ಲೇ ಹೋಯ್ತು. ಹಿಟ್ಟಿಗೆ ಕಾಸಿದ ಎಣ್ಣೆ ಹಾಕಿರ್ಲಿಲ್ಲ ಪಾಪ, ಉದ್ದೂ ಕಮ್ಮಿ. ಆ ಡಬ್ಬಿ ಕೊಟ್ರೆ ಆ ಮನೇಲಿ ಎಷ್ಟು ಹಲ್ಲು ಉಳೀತಿದ್ವೋ. ಅದನ್ನ ದನಕ್ಕೆ ನೆನೆಹಾಕಿ, ನಮ್ಮನೆ ಚಕ್ಲಿ ತುಂಬ್ಕಂಡು ಹೋದೆ."

ನಾನು ಗಂಜಿಯ ಬಟ್ಟಲು ಕೆಳಗಿಟ್ಟೆ. ಕೆಮ್ಮು, ಕೈನೋವು ಎಲ್ಲವೂ ಒಂದೊಂದಾಗಿ ಬಂದು ತಮ್ಮ ಜಾಗದಲ್ಲಿ ಕೂತವು. "ನನಗಾದರೂ ಹೇಳಬಾರದಿತ್ತೇ ಅಕ್ಕಾ, ಇಷ್ಟು ವರ್ಷ!" ಎಂದೆ.

"ನಿಂಗೆ ಹೇಳೂದಾ?" ಮೂರು ಹಲ್ಲು ತೋರಿಸಿ ನಕ್ಕಳು. "ನಿನ್ ಬೀಗಿತಿ 'ನಿಜ ಹೇಳು' ಅಂದ್ಕೂಡ್ಲೆ ನೀ ಅಲ್ಲೇ ಎಲ್ಲಾ ಒದರ್ತಿದ್ದೆ. ನಿಂಗೆ ಮಾತು ಬರೂದಿಲ್ಲ, ಬಂದ್ರೆ ಬರೀ ನಿಜ ಬರ್ತದೆ."

ನಾಲ್ಕು ದಿನದ ಮೇಲೆ ಅವಳು ಹೋದಳು. ನಾನು ತುಳಸಿ ನೀರು ಬಿಟ್ಟಾಗ ಆ ಮೂರು ಹಲ್ಲುಗಳ ಮೇಲಿಂದ ಇಳಿಯಿತು. ಅವು ಆಗಲೂ ಹೊಳೆಯುತ್ತಿದ್ದವು.

ಮಕ್ಕಳೇ, ಈ ಪಟ್ಟಿಯನ್ನು ನಿಮ್ಮ ಅಮ್ಮನಿಗೆ ತೋರಿಸಬೇಡಿ, ಕೋಡಿಬಾಗದ ಅಜ್ಜಿಗಂತೂ ಬೇಡವೇ ಬೇಡ. ಅವರು ಕೇಳಿದರೆ ನನಗೆ ನಿಜ ಬಂದುಬಿಡುತ್ತದೆ. ನಿಮ್ಮನ್ನು ನೋಡಿ ನಕ್ಕ ಮಕ್ಕಳಿಗೆ ಮಾತ್ರ ಧೈರ್ಯವಾಗಿ ಹೇಳಿ, ಇದು ಅಂಕೋಲೆ ಕಡೆಯ ಪದ್ಧತಿಯೇ ಎಂದು. ಬೇಲಿಯ ಆಚೆಯ ಒಂದೇ ಮನೆಯದಾದರೂ ಅಂಕೋಲೆಯದೇ ಅಲ್ಲವೇ?

ನೀವು ಹೋದ ಮೇಲೆ ನಿಮ್ಮ ಅಮ್ಮ ಕೊಟ್ಟ ಡಬ್ಬಿಯನ್ನು ಬಿಚ್ಚಿದೆ. ಒಂದು ಚಕ್ಲಿ ತೆಗೆದೆ. ಬೆರಳು ತಾಗಿದರೆ ಮುರಿಯುವಂತಿತ್ತು, ಅಷ್ಟು ಹಗುರ. ಅದ್ದುವ ಅಗತ್ಯ ಏನೂ ಇರಲಿಲ್ಲ. ಆದರೂ ನನ್ನೊಬ್ಬಳ ಪಾಯಸಕ್ಕೆ ಒಂದು ಮುಷ್ಟಿ ಹೆಸರುಬೇಳೆ ಬೇಯಲು ಇಟ್ಟೆ.